ಕೆಳಗಿನ ಸೆಟ್ಟಿಗೆ ಎರಡು ಟಿಚ್ ಬಟನ್: ನನ್ನ ಅನುಭವ

ಹಲ್ಲು ಪೂರ್ತಿ ಬಿದ್ದವರಿಗೆ ಮೇಲಿನ ಹಲ್ಲಿನ ಸೆಟ್ ಹೇಗೋ ಕೂತುಬಿಡುತ್ತದೆ. ಕಾಟ ಕೊಡುವುದು ಕೆಳಗಿನದು. ಇದು ನಮ್ಮಂಥ ಹಲ್ಲಿನ ಡಾಕ್ಟರರಿಗೆಲ್ಲ ಗೊತ್ತಿರುವ ಮಾತೇ. ಆದರೆ ಅದು ಎಷ್ಟು ದೊಡ್ಡ ಕಾಟ ಅಂತ ನನಗೆ ತಿಳಿದದ್ದು ವಿಜಯಪುರ ಜಿಲ್ಲೆಯ ತಾಲೂಕು ಊರಿಗೆ ಬಂದು ಕ್ಲಿನಿಕ್ ತೆರೆದ ಮೇಲೆ. ಮುದ್ದೆ ನುಂಗುವ ಸೀಮೆಯಲ್ಲಿ ಹಲ್ಲಿಲ್ಲದಿದ್ದರೂ ಹೊಟ್ಟೆ ತುಂಬುತ್ತದೆ. ಇಲ್ಲಿ ಊಟ ಅಂದರೆ ಜೋಳದ ರೊಟ್ಟಿ, ಅದೂ ಎಷ್ಟೋ ಮನೆಗಳಲ್ಲಿ ಖಡಕ್ ರೊಟ್ಟಿ. ಜೊತೆಗೆ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಹಕ್ಕರಕಿ, ಮೆಂತ್ಯ ಸೊಪ್ಪು. ಕೆಳಗಿನ ಸೆಟ್ ಅಲ್ಲಾಡುವವರು ಮೊದಲು ರೊಟ್ಟಿ ಬಿಟ್ಟು ನುಚ್ಚು ಮಜ್ಜಿಗೆಗೆ ಇಳಿಯುತ್ತಾರೆ. ಆಮೇಲೆ ಮದುವೆ ಮನೆಯ ಪಂಕ್ತಿ ಬಿಡುತ್ತಾರೆ. ಕೊನೆಗೆ ಮದುವೆಗೆ ಹೋಗುವುದನ್ನೇ ಬಿಡುತ್ತಾರೆ.

ಸರ್ಕಾರದ ದಂತ ಭಾಗ್ಯ ಯೋಜನೆಯಿಂದ ಬಿಪಿಎಲ್ ಕಾರ್ಡಿನ ಎಷ್ಟೋ ಹಿರಿಯರಿಗೆ ಪುಕ್ಕಟೆ ಸೆಟ್ ಸಿಕ್ಕಿದೆ. ಒಳ್ಳೆಯ ಕೆಲಸ ಅದು. ಮುಖದ ಕಳೆ ತಿರುಗಿ ಬರುತ್ತದೆ, ಮಾತು ಸ್ಪಷ್ಟವಾಗುತ್ತದೆ. ಆದರೆ ಸವೆದು ಚಪ್ಪಟೆಯಾದ ರಿಡ್ಜ್ (ಹಲ್ಲು ಹೋದ ಮೇಲೆ ಉಳಿಯುವ ದವಡೆಯ ದಿಬ್ಬ) ಮೇಲೆ ಕೆಳಗಿನ ಸೆಟ್ ನಿಲ್ಲಿಸುವುದು ಯಾರು ಮಾಡಿದರೂ ಕಷ್ಟ. ಕೆಳಗಿನ ರಿಡ್ಜ್ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಸವೆಯುತ್ತದೆ ಅಂತ ಸಂಶೋಧಕಿ ಟಾಲ್‌ಗ್ರೆನ್ 1972ರಲ್ಲೇ ಬರೆದಿದ್ದಾರೆ. ನಾನು ಎಷ್ಟೇ ಚೆನ್ನಾಗಿ ಬಾರ್ಡರ್ ಮೋಲ್ಡಿಂಗ್ (ಸೆಟ್ಟಿನ ಅಂಚನ್ನು ಬಾಯಿಗೆ ಹೊಂದಿಸಿ ಅಳತೆ ತೆಗೆಯುವುದು) ಮಾಡಿದರೂ ಮೂರರಲ್ಲಿ ಒಬ್ಬರ ಕೆಳಗಿನ ಸೆಟ್ ಡಬ್ಬಿಯಲ್ಲೇ ಉಳಿಯುತ್ತಿತ್ತು.

ಕೆಳದವಡೆಯ ಮೂಳೆಗೆ ಎರಡು ಇಂಪ್ಲಾಂಟ್ (ಹಲ್ಲಿನ ಬೇರಿನ ಹಾಗೆ ಕೂರುವ ಲೋಹದ ತಿರುಪು) ಹಾಕಿ ಸೆಟ್ ಹಿಡಿಸುತ್ತೇನೆ ಅಂದಾಗ ನಗರದ ಡಾಕ್ಟರ್ ಗೆಳೆಯರು ಯಾರೂ ಒಪ್ಪಲಿಲ್ಲ. "ಶುಗರ್ ಇರೋರು, ತಂಬಾಕು ಸುಣ್ಣ ಹಾಕೋರು. ದುಡ್ಡೂ ಕೊಡೋದಿಲ್ಲ, ತಿರುಗಿ ತೋರಿಸೋಕೂ ಬರೋದಿಲ್ಲ. ಸುಮ್ನೆ ಹೆಸರು ಕೆಡಿಸಿಕೊಳ್ತೀಯ" ಅಂದರು. ಈಗ ಆರೇಳು ವರ್ಷವಾಯಿತು. ಎಂಬತ್ತರ ಹತ್ತಿರ ಜನಕ್ಕೆ ಹಾಕಿದ್ದೇನೆ. ಬಿದ್ದುಹೋದ ಇಂಪ್ಲಾಂಟು ಹತ್ತು ದಾಟಿಲ್ಲ, ಅದರಲ್ಲಿ ಜಾಸ್ತಿ ಪಾಲು ಮೊದಲ ವರ್ಷದವು. ಅವತ್ತು ಬೇಡ ಅಂದವರಲ್ಲಿ ಇಬ್ಬರು ಈಗ ತಮ್ಮ ಕೇಸಿನ ಒಪಿಜಿಯನ್ನು (ಇಡೀ ದವಡೆಯ ಎಕ್ಸ್‌ರೇ) ವಾಟ್ಸ್ಆಪಿನಲ್ಲಿ ಕಳಿಸಿ ನನ್ನನ್ನೇ ಕೇಳುತ್ತಾರೆ. ಅದಕ್ಕೇ ಬರೆಯಲು ಕೂತೆ.

ವಿಧಾನ ನನ್ನದಲ್ಲ. ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟಿನ ಓವರ್‌ಡೆಂಚರೇ (ಇಂಪ್ಲಾಂಟಿಗೆ ಸಿಕ್ಕಿಸುವ ಸೆಟ್) ಮೊದಲ ಆಯ್ಕೆಯಾಗಬೇಕು ಅಂತ 2002ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದರು. ಎಲ್ಲರೂ ಓದಿದ್ದೇವೆ, ಹಾಕುವವರು ಕಡಿಮೆ. ನಾನು ಮಾಡಿಕೊಂಡ ಬದಲಾವಣೆ ಎರಡೇ. ಒಂದು, ಎತ್ತರ ಮತ್ತು ಬೈಟ್ (ಮೇಲೆ ಕೆಳಗಿನ ಹಲ್ಲು ಕೂಡುವ ರೀತಿ) ಸರಿ ಇದ್ದರೆ ಹೊಸ ಸೆಟ್ ಮಾಡುವುದಿಲ್ಲ, ಹಳೆಯದಕ್ಕೇ ಒಳಗಿನಿಂದ ಇಂಪ್ಲಾಂಟನ್ನು ಹಿಡಿಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಕೂರಿಸುತ್ತೇನೆ. ಎರಡು, ತಿರುಪು ಮತ್ತು ಗುಂಡು ತಲೆ (ಬಾಲ್) ಒಂದೇ ತುಂಡಾಗಿರುವ ಒನ್ ಪೀಸ್ ಇಂಪ್ಲಾಂಟ್, ನಮ್ಮ ದೇಶದ್ದೇ. ಕೋರೆಹಲ್ಲಿನ ಜಾಗದಲ್ಲಿ ಒಂದೊಂದು. ಗದ್ದದ ನರ ಹೊರಬರುವ ರಂಧ್ರ, ಮೆಂಟಲ್ ಫೊರಾಮೆನ್‌ನಿಂದ 5 ಮಿ.ಮೀ. ದೂರ. ಎರಡೂ ಕಡೆ ಟಾರ್ಕ್ (ಇಂಪ್ಲಾಂಟ್ ಮೂಳೆಯಲ್ಲಿ ಕೂತ ಬಿಗಿ) 35 ದಾಟಿದರೆ ಅದೇ ವಾರ ಬಟನ್. ಇಲ್ಲದಿದ್ದರೆ ಸೆಟ್ಟಿನ ಒಳಗೆ ಮೆತ್ತನೆಯ ಪದರ (ಸಾಫ್ಟ್ ಲೈನರ್) ಹಾಕಿ ಮೂರು ತಿಂಗಳು ಕಾಯುತ್ತೇನೆ. ನಮ್ಮ ಜನ ಇದನ್ನು ಟಿಚ್ ಬಟನ್ ಸೆಟ್ ಅಂತಲೇ ಕರೆಯುತ್ತಾರೆ.

ದುಡ್ಡಿನ ವಿಷಯ ಬಿಚ್ಚಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ನಿಲ್ಲುವುದು ಅಲ್ಲೇ. ಶುರುವಿನಲ್ಲಿ ಹೊರದೇಶದ ಇಂಪ್ಲಾಂಟು, ಹೊಸ ಸೆಟ್ಟು, ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್) ಎಲ್ಲ ಸೇರಿ 60 ಸಾವಿರ ಹೇಳಿದೆ. ಎದುರಿಗೆ ಕೂತವರು ಮಗನ ಮುಖ ನೋಡುತ್ತಿದ್ದರು, ಮಗ ಫ್ಯಾನ್ ನೋಡುತ್ತಿದ್ದ. ಒಬ್ಬರೂ ಹಾಕಿಸಲಿಲ್ಲ. ಈಗಿನ ಲೆಕ್ಕ ಬೇರೆ. ಇಂಪ್ಲಾಂಟ್ ಒಂದಕ್ಕೆ ಮೂರು ಸಾವಿರದ ಆಸುಪಾಸು, ಓ-ರಿಂಗ್ ಮತ್ತು ಅದರ ಲೋಹದ ಟೊಪ್ಪಿಗೆ ಜೋಡಿಗೆ ಸಾವಿರ, ಸ್ಕ್ಯಾನ್ ಎರಡು ಸಾವಿರ, ಲ್ಯಾಬಿಗೆ ಎರಡು. ಕೈಯಿಂದ ಹೋಗುವುದು ಹನ್ನೊಂದು ಹನ್ನೆರಡು ಸಾವಿರ. ಹಳೆ ಸೆಟ್ ಇದ್ದವರಿಂದ 28 ಸಾವಿರ ತೆಗೆದುಕೊಳ್ಳುತ್ತೇನೆ, ಹೊಸ ಸೆಟ್ ಬೇಕಾದರೆ 38. ಸರ್ಜರಿ ದಿನ 10 ಸಾವಿರ. ಉಳಿದದ್ದು ತೊಗರಿ ಮಾರಿದ ಮೇಲೆ, ಇಲ್ಲವೇ ಕಬ್ಬಿನ ಬಿಲ್ ಬಂದ ಮೇಲೆ. ಬ್ಯಾಂಕಿನ ಇಎಂಐ ಕಾಗದ ತೋರಿಸಿದರೆ ಎದ್ದು ಹೋಗುವ ರೈತ, ಸುಗ್ಗಿಗೆ ಕೊಡಿ ಅಂದರೆ ಕೊಟ್ಟೇ ಕೊಡುತ್ತಾನೆ. ಇಷ್ಟು ವರ್ಷದಲ್ಲಿ ಬಾಕಿ ಮುಳುಗಿಸಿದವರು ಮೂರೋ ನಾಲ್ಕೋ ಜನ. ಮೂಳೆ ಕೊರೆಯುವ ಯಂತ್ರ (ಫಿಸಿಯೋಡಿಸ್ಪೆನ್ಸರ್) ಮತ್ತು ಕಿಟ್ಟಿಗೆ ಮಾಡಿದ ಸಾಲ ತೀರಲು ಎರಡು ವರ್ಷ ಹಿಡಿಯಿತು.

ಇನ್ನು ಕೆಟ್ಟ ಕೇಸುಗಳು. ಆ ಜಾಗದ ಮೂಳೆ ಕಲ್ಲಿನ ಹಾಗೆ ಗಟ್ಟಿ. ಬಿಗಿಯಾಗಿ ಕೂತ ಇಂಪ್ಲಾಂಟ್ ನಾಲ್ಕೈದು ವಾರಕ್ಕೆ ನೋವಿಲ್ಲದೆ ಅಲ್ಲಾಡಿ ಕೈಗೆ ಬರುತ್ತಿತ್ತು. ಮೊದಮೊದಲು ಎಲ್ಲರೂ ಶುಗರ್ ಮೇಲೆ ಹಾಕಿದರು. ಶುಗರ್ ಇಲ್ಲದವರಲ್ಲೂ ಬಿದ್ದಾಗ ಕಾರಣ ಬೇರೆ ಅಂತ ಗೊತ್ತಾಯಿತು: ಮೂಳೆ ಬಿಸಿಯಾಗಿ ಸುಡುತ್ತಿತ್ತು. ಡೀಲರ್ ಒಬ್ಬ ಹೊಸದು ಅಂತ ಕೊಟ್ಟ ಡ್ರಿಲ್‌ಗಳ ಅಂಚು ಲೆನ್ಸ್ ಹಿಡಿದು ನೋಡಿದರೆ ಆಗಲೇ ದುಂಡಗಾಗಿತ್ತು. ಈಗ ಮೊದಲ ತೂತು ಕೊರೆಯುವ ಪೈಲಟ್ ಡ್ರಿಲ್ ಹತ್ತು ಕೇಸಿಗೆ ಬದಲಿಸುತ್ತೇನೆ. ಸಲೈನ್ ಬಾಟಲಿ ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಡ್ರಿಲ್ ಒತ್ತಿ ಹಿಡಿಯುವುದಿಲ್ಲ, ಸ್ವಲ್ಪ ಇಳಿಸಿ ಎತ್ತಿ, ಇಳಿಸಿ ಎತ್ತಿ ಕೊರೆಯುತ್ತೇನೆ. ಆಮೇಲೆ ಬೀಳುವುದು ಹೆಚ್ಚುಕಮ್ಮಿ ನಿಂತೇಹೋಯಿತು. ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ) 8ರ ಕೆಳಗಿದ್ದರೆ ಶುಗರ್ ಇದ್ದವರಿಗೂ ಹಾಕುತ್ತೇನೆ. ತಂಬಾಕಿಗೆ ಮಾತ್ರ ಗಟ್ಟಿ: ಹಾಕಿಸುವ ಮುಂಚೆ ಎರಡು ವಾರ, ಆಮೇಲೆ ಎರಡು ತಿಂಗಳು ಚೀಲ ನನ್ನ ಟೇಬಲ್ಲಿನಲ್ಲಿ. ಕೊಡದವರಿಗೆ ಹಾಕುವುದಿಲ್ಲ.

ಎರಡನೆಯದು, ಸೆಟ್ ಮುರಿಯುವುದು. ಟೊಪ್ಪಿಗೆ ಕೂರಿಸಲು ಸೆಟ್ಟಿನ ಅಕ್ರಿಲಿಕ್ (ಪ್ಲಾಸ್ಟಿಕ್) ಕೊರೆದ ಜಾಗವೇ ತೆಳ್ಳಗೆ. ಅದರ ಮೇಲೆ ಈಗ ಕಡಿಯುವ ಬಲ ದುಪ್ಪಟ್ಟು. ಒಂದು ಕಾಲದಲ್ಲಿ ತಿಂಗಳಿಗೊಂದು ಸೆಟ್ ಎರಡು ತುಂಡಾಗಿ ಬರುತ್ತಿತ್ತು. ಹುಬ್ಬಳ್ಳಿಯ ಲ್ಯಾಬಿನಿಂದ ಒಳಗೆ ಲೋಹದ ಜಾಳಿಗೆ ಕೂರಿಸಲು ಶುರು ಮಾಡಿದ ಮೇಲೆ ಅದು ಅಪರೂಪ. ಖರ್ಚು ಉಳಿಸಲು ಅದನ್ನು ಬಿಡಬೇಡಿ.

ಮೂರನೆಯದು ಪಿಕಪ್, ಅಂದರೆ ಟೊಪ್ಪಿಗೆಯನ್ನು ಬಾಯಲ್ಲೇ ಸೆಟ್ಟಿಗೆ ಅಂಟಿಸುವುದು. ತಾನೇ ಗಟ್ಟಿಯಾಗುವ ಅಕ್ರಿಲಿಕ್ (ಕೋಲ್ಡ್ ಕ್ಯೂರ್) ಬಾಲ್‌ನ ಕುತ್ತಿಗೆಗೆ ಇಳಿದು ಗಟ್ಟಿಯಾದರೆ ಸೆಟ್ ಬಾಯಲ್ಲೇ ಲಾಕ್. ಹಾಗಾದವರ ಕಥೆ ನಿಮ್ಮಲ್ಲೂ ಇರುತ್ತದೆ. ರಬ್ಬರ್ ಡ್ಯಾಮಿನ (ತೆಳ್ಳನೆಯ ರಬ್ಬರ್ ಹಾಳೆ) ಸಣ್ಣ ಚೂರಿಗೆ ತೂತು ಮಾಡಿ ಕುತ್ತಿಗೆಗೆ ತೊಡಿಸಿ, ಸೆಟ್ಟಿನ ನಾಲಿಗೆ ಕಡೆ ಕಿಟಕಿ ಕೊರೆದು, ಮುತ್ತಿನಷ್ಟೇ ಅಕ್ರಿಲಿಕ್ ಬಿಡಬೇಕು. ಬಾಯಿ ಮುಚ್ಚಿಸಿ ಹಗುರಾಗಿ ಕಚ್ಚಿಸಬೇಕು, ಜೋರಾಗಿ ಅಲ್ಲ. ಕೊರೆಯುವ ದಾರಿ ತೋರಿಸುವ ಅಚ್ಚು (ಗೈಡ್) ಇಲ್ಲದೆ ಎರಡು ಇಂಪ್ಲಾಂಟನ್ನು ನೇರ ಸಮಾನಾಂತರ ತರಲು ನನ್ನದೊಂದು ದಾರಿ ಇದೆ. ರೋಗಿಯ ಹಳೆ ಸೆಟ್ಟನ್ನೇ ಬಳಸುತ್ತೇನೆ ಅಂತ ಮಾತ್ರ ಹೇಳುತ್ತೇನೆ. ಉಳಿದದ್ದು ಬರೆದು ತಿಳಿಸುವಂಥದ್ದಲ್ಲ, ಕ್ಲಿನಿಕ್ಕಿಗೆ ಬಂದವರಿಗೆ ತೋರಿಸುತ್ತೇನೆ. ಒಂದಂತೂ ನಿಜ: ಓರೆ ಬಿದ್ದ ಜೋಡಿಯ ಓ-ರಿಂಗ್ ಆರು ತಿಂಗಳಿಗೇ ಸವೆಯುತ್ತದೆ, ನೇರ ಇದ್ದದ್ದು ವರ್ಷ ದಾಟುತ್ತದೆ.

ನಡುವೆ ಒಂದೇ ಇಂಪ್ಲಾಂಟ್ ಹಾಕಿಯೂ ನೋಡಿದೆ, 28 ಸಾವಿರವೂ ಕಷ್ಟ ಅನ್ನುವವರಿಗೆ. ಗದ್ದದ ನಟ್ಟನಡುವೆ ಒಂದು. ಐದಾರು ಜನಕ್ಕೆ ಮಾಡಿರಬೇಕು. ಸೆಟ್ ಮೇಲೇಳುವುದಿಲ್ಲ, ಆದರೆ ಒಂದು ಬದಿಯಲ್ಲಿ ಕಡಿದರೆ ತಿರುಗುತ್ತದೆ. ಅನ್ನ ಚಪಾತಿಯವರು ಖುಷಿಯಾಗಿದ್ದಾರೆ, ರೊಟ್ಟಿಯವರು ಅಲ್ಲ. ಅಲ್ಲಿ ನಾಲಿಗೆ ಕಡೆಯ ರಕ್ತನಾಳದ ಭಯವೂ ಇದೆ. ಮೂಳೆಯ ನಾಲಿಗೆ ಕಡೆಯ (ಲಿಂಗ್ವಲ್) ಗೋಡೆ ತೂತಾದರೆ ನಾಲಿಗೆಯ ಕೆಳಗೆ ರಕ್ತ ತುಂಬಿ ಉಸಿರಿಗೇ ಸಂಚಕಾರ. ಸಿಬಿಸಿಟಿ ಇಲ್ಲದೆ ಆ ಜಾಗ ಮುಟ್ಟಬೇಡಿ.

ಇನ್ನೊಂದು ಪ್ರಯೋಗ ಶೇಂಗಾದ್ದು. ಅಗಿಯುವ ಶಕ್ತಿ ಅಳೆಯಲು ಮ್ಯಾನ್ಲಿ ಮತ್ತು ಬ್ರೇಲಿ ಎಂಬ ಸಂಶೋಧಕರು 1950ರಲ್ಲೇ ಶೇಂಗಾ ಅಗಿಸಿ ಜರಡಿ ಹಿಡಿದಿದ್ದರು. ನಾನು ಚಹಾ ಸೋಸುವ ಜರಡಿ ತಂದೆ. ಹುರಿದ ಶೇಂಗಾ 3 ಗ್ರಾಂ, ಇಪ್ಪತ್ತು ಸಲ ಅಗಿದು ಉಗುಳುವುದು, ನೀರು ಹಾಕಿ ಸೋಸಿ, ಒಣಗಿಸಿ, ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗುವುದು. ಬಟನ್ ಇಲ್ಲದಾಗ ಮುಕ್ಕಾಲು ಪಾಲು ಜರಡಿಯ ಮೇಲೇ ಉಳಿಯುತ್ತಿತ್ತು. ಬಟನ್ ಹಾಕಿ ಮೂರು ತಿಂಗಳಿಗೆ ಅರ್ಧಕ್ಕಿಂತ ಕಡಿಮೆ. ಇಪ್ಪತ್ತು ಜನಕ್ಕೆ ಮಾಡಿದಾಗ ಇಬ್ಬರಲ್ಲಿ ಮಾತ್ರ ಫರಕು ಕಾಣಲಿಲ್ಲ. ಆ ಇಬ್ಬರ ಮೇಲಿನ ಸೆಟ್ ಸಡಿಲ ಇತ್ತು. ಇದನ್ನು ಗಮನಿಸಿ: ಕೆಳಗಿನದು ಗಟ್ಟಿಯಾದ ಕೂಡಲೇ ಮೇಲಿನದರ ಕುಂದು ಹೊರಬೀಳುತ್ತದೆ. ಮುಂದಿನ ಹಲ್ಲಿನಲ್ಲೇ ಕಡಿಯಲು ಶುರು ಮಾಡುತ್ತಾರೆ, ಮೇಲಿನ ಮುಂಭಾಗದ ಮೂಳೆ ಸವೆಯುತ್ತದೆ. ಮೇಲಿನದರ ರಿಲೈನ್ (ಸೆಟ್ಟಿನ ಒಳಮೈಗೆ ಹೊಸ ಪದರ ಕೊಟ್ಟು ಬಿಗಿ ಮಾಡುವುದು) ಅನ್ನು ಮೊದಲೇ ಲೆಕ್ಕದಲ್ಲಿ ಸೇರಿಸಿ ಹೇಳಿ.

ಬದುಕು ಎಷ್ಟು ಸುಧಾರಿಸಿತು ಅನ್ನುವುದನ್ನು ಅಳೆಯಲು ಮೊದಲು ಬಾಯಿಯ ತೊಂದರೆ ಬದುಕನ್ನು ಎಷ್ಟು ಕಾಡುತ್ತದೆ ಅಂತ ಕೇಳುವ ಪ್ರಶ್ನೆಪಟ್ಟಿ ಓಎಚ್ಐಪಿ-14 ಬಳಸಿದೆ. ಹದಿನಾಲ್ಕು ಪ್ರಶ್ನೆ, 56 ಅಂಕ, ಜಾಸ್ತಿ ಬಂದಷ್ಟೂ ತೊಂದರೆ ಜಾಸ್ತಿ. ಮುಂಚೆ ಮೂವತ್ತರ ಮೇಲೆ ಇರುತ್ತಿತ್ತು, ಆರು ತಿಂಗಳಿಗೆ ಹತ್ತರ ಕೆಳಗೆ. ಚೆನ್ನಾಗಿದೆ, ಆದರೆ ಅದು ನಮ್ಮವರ ಸಂಕಟವನ್ನು ಪೂರ್ತಿ ಹಿಡಿಯುವುದಿಲ್ಲ. ಹಾಗಾಗಿ ನನ್ನದೇ ಆರು ಪ್ರಶ್ನೆ ಸೇರಿಸಿದೆ. ಖಡಕ್ ರೊಟ್ಟಿ ನೆನೆಸದೆ ತಿಂತೀರಾ? ಪಂಕ್ತಿಯಲ್ಲಿ ಕೂತು ಉಣ್ತೀರಾ? ನಗುವಾಗ ಸೆರಗು, ಟವೆಲ್ ಅಡ್ಡ ಹಿಡೀತೀರಾ? ಸೀನಿದರೆ ಸೆಟ್ ನಿಲ್ಲುತ್ತಾ? ಫೋನಿನಲ್ಲಿ ಮಾತು ಆಚೆಯವರಿಗೆ ತಿಳಿಯುತ್ತಾ? ಭಜನೆ ಹಾಡ್ತೀರಾ? ಉತ್ತರ ಬದಲಾಗುವುದು ಎದ್ದು ಕಾಣುವುದು ಎರಡನೆಯದರಲ್ಲಿ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡದು. ಹಲ್ಲು ಹೋದವರು ಕಳೆದುಕೊಳ್ಳುವುದು ರುಚಿಗಿಂತ ಮೊದಲು ಜೊತೆ ಕೂರುವವರನ್ನು.

ಇಂಡಿ ಕಡೆಯಿಂದ ಬಂದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿಗೆ ಈ ಪ್ರಶ್ನೆ ಕೇಳಿದಾಗ ಉತ್ತರ ಕೊಟ್ಟದ್ದು ಸೊಸೆ. "ಮೊದಲ ನಮ್ಮ ಅತ್ತಿಯವರು ಎಲ್ಲಾರದೂ ಆದ ಮ್ಯಾಲ ಅಡಗಿ ಮನ್ಯಾಗ ಒಬ್ಬರ ಕುಂತು ಉಣ್ತಿದ್ರು ರೀ. ಬಾಯಿ ಸದ್ದು ಮೊಮ್ಮಕ್ಕಳಿಗೆ ಕೇಳಬಾರದು ಅಂತ. ಈಗ ಪಡಸಾಲ್ಯಾಗ ಎಲ್ಲಾರ ಕೂಡ ಕುಂದರತಾರ." ಅಜ್ಜಿ ಏನೂ ಹೇಳಲಿಲ್ಲ. ಸೆಟ್ ತೆಗೆದು ಟಕ್ ಅಂತ ತಿರುಗಿ ಕೂರಿಸಿ ತೋರಿಸಿದರು, ಕೈ ನಡುಗಲಿಲ್ಲ. ಅವರ ಟಾರ್ಕ್ ಒಂದು ಕಡೆ 25ಕ್ಕೇ ನಿಂತಿತ್ತು, ಮೂರು ತಿಂಗಳು ಕಾಯಿಸಿದ್ದೆ. ಆ ಕೇಸು ನಿಲ್ಲುವುದಿಲ್ಲ ಅಂತ ಹೇಳಿದವರು ಇಬ್ಬರಿದ್ದರು. ನಿಂತಿದೆ, ನಾಲ್ಕನೇ ವರ್ಷ.

ತಿರುಗಿ ಬರುವುದಿಲ್ಲ ಅನ್ನುವ ಮಾತಿಗೆ ನಾನು ಕಂಡುಕೊಂಡ ದಾರಿ ಎಳ್ಳಮಾವಾಸ್ಯೆ. ಫೋನ್ ಮಾಡಿ ಚೆಕಪ್ಪಿಗೆ ಬನ್ನಿ ಅಂದರೆ ನೋವಿಲ್ಲ, ಯಾಕೆ ಬರಲಿ ಅನ್ನುತ್ತಾರೆ. ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿನ್ನಬೇಕಲ್ಲ, ಅದಕ್ಕೆ ಮುಂಚೆ ಬಟನ್ ಬಿಗಿ ಮಾಡಿಸಿಕೊಳ್ಳಿ ಅಂದರೆ ಬರುತ್ತಾರೆ. ಹಬ್ಬಕ್ಕೆ ಹದಿನೈದು ದಿನ ಇರುವಾಗ ಎರಡು ದಿನ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ಓ-ರಿಂಗ್ ಜೋಡಿ ಬದಲಿಸಲು 300 ರೂಪಾಯಿ. ಹೋದ ಸಲ ಹಾಕಿಸಿಕೊಂಡವರಲ್ಲಿ ಮುಕ್ಕಾಲು ಜನ ಬಂದಿದ್ದರು. ಈ ಸಲ ಅದೇ ಎರಡು ದಿನದಲ್ಲಿ ಮೇಲಿನ ಸೆಟ್ಟಿನ ರಿಲೈನೂ ಸೇರಿಸುತ್ತಿದ್ದೇನೆ, 1500ಕ್ಕೆ. ಲ್ಯಾಬಿನ ಹುಡುಗನನ್ನು ಇಲ್ಲಿಗೇ ಕರೆಸಿಕೊಳ್ಳುತ್ತೇನೆ, ಬೆಳಿಗ್ಗೆ ಕೊಟ್ಟ ಸೆಟ್ ಸಂಜೆ ಬಸ್ಸಿನ ಹೊತ್ತಿಗೆ ಕೈಗೆ ಸಿಗಬೇಕು.