ಸಣ್ಣ ಕನ್ಸೋಲ್ ಪ್ರೋಗ್ರಾಮಿಗೆ ಡಿಪೆಂಡೆನ್ಸಿ ಇಂಜೆಕ್ಷನ್: ನನ್ನ ಅನುಭವ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ವಾರ್ಷಿಕ ಚಂದಾ ಬಾಕಿ ಉಳಿಸಿಕೊಂಡವರಿಗೆ ಇಮೇಲ್ ಕಳುಹಿಸಲು ನಾನು ಸಿ ಶಾರ್ಪ್‌ನಲ್ಲಿ ಒಂದು ಕನ್ಸೋಲ್ ಪ್ರೋಗ್ರಾಂ (ಬರಿಯ ಅಕ್ಷರಗಳ ಪರದೆಯಲ್ಲಿ ಓಡುವಂಥದ್ದು) ಬರೆದುಕೊಟ್ಟಿದ್ದೆ. ಬಾಕಿಯ ಲೆಕ್ಕ ಹಾಕುವ ಕ್ಲಾಸಿನೊಳಗೇ ಮೇಲ್ ಕಳುಹಿಸುವ ಆಬ್ಜೆಕ್ಟನ್ನೂ ‘ನ್ಯೂ’ ಹಾಕಿ ಸೃಷ್ಟಿಸಿಕೊಂಡಿದ್ದೆನಾದ್ದರಿಂದ, ಅರ್ಧ ತಿದ್ದಿದ ಲೆಕ್ಕವನ್ನು ಪರೀಕ್ಷಿಸಲೆಂದು ಒಂದು ರಾತ್ರಿ ಓಡಿಸಿದಾಗ ನಿಜವಾದ ಸದಸ್ಯರಿಗೇ ಮೇಲ್‌ಗಳು ಹೊರಟುಹೋದವು. ಮರುದಿನ ಲೋಕಲ್ ಗಾಡಿಯಲ್ಲಿ ನಿಂತಿದ್ದಾಗ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿ, “ಏನಪ್ಪಾ, ಏಪ್ರಿಲ್‌ನಲ್ಲೇ ದುಡ್ಡು ಕಟ್ಟಿದ್ದೇನಲ್ಲ, ರಸೀದಿಯೂ ಇದೆ” ಎಂದರು.

ಒಂದು ಕ್ಲಾಸು ತನಗೆ ಬೇಕಾದ ಆಬ್ಜೆಕ್ಟುಗಳನ್ನು ತಾನೇ ಸೃಷ್ಟಿಸಿಕೊಳ್ಳದೆ ಹೊರಗಿನಿಂದ ಪಡೆಯುವುದೇ ಡಿಪೆಂಡೆನ್ಸಿ ಇಂಜೆಕ್ಷನ್. ಅದು ವೆಬ್ ಅಪ್ಲಿಕೇಶನ್ನಿನವರ ಆಡಂಬರವೆಂದು ಅದುವರೆಗೆ ನಾನು ತಿಳಿದಿದ್ದೆ. ಮೊದಲ ತಿದ್ದುಪಡಿಗೆ ಯಾವ ಲೈಬ್ರರಿಯೂ ಬೇಕಾಗಲಿಲ್ಲ. ಮೇಲ್ ಕಳುಹಿಸಲು ಒಂದು, ಇಂದಿನ ದಿನಾಂಕ ಹೇಳಲು ಒಂದು ಎಂದು ಎರಡು ಇಂಟರ್ಫೇಸ್‌ಗಳನ್ನು (ಏನು ಮಾಡಬೇಕೆಂದಷ್ಟೇ ಹೇಳುವ ಒಪ್ಪಂದಗಳನ್ನು) ಬರೆದು, ಆಬ್ಜೆಕ್ಟ್ ಸೃಷ್ಟಿಯಾಗುವಾಗ ಓಡುವ ಕನ್‌ಸ್ಟ್ರಕ್ಟರಿನ ಮೂಲಕವೇ ಒಳಗೆ ಬರುವಂತೆ ಮಾಡಿದೆ. ಟೆಸ್ಟಿನಲ್ಲಿ ದಿನಾಂಕವನ್ನು ಮಾರ್ಚ್ 31ಕ್ಕೆ ನಿಲ್ಲಿಸಿ, ಮೇಲ್‌ಗಳನ್ನು ಬರಿಯ ಒಂದು ಲಿಸ್ಟಿಗೆ ಸೇರಿಸಿ ನೋಡುವುದು ಸಾಧ್ಯವಾಯಿತು. ನನಗಾದ ಲಾಭದ ಬಹುಪಾಲು ಇಷ್ಟರಲ್ಲೇ ಇತ್ತು.

ಕ್ಲಾಸುಗಳು ಹೆಚ್ಚಿದ ಮೇಲೆ ಮೈಕ್ರೋಸಾಫ್ಟ್‌ನ ಡಿಪೆಂಡೆನ್ಸಿ ಇಂಜೆಕ್ಷನ್ ಪ್ಯಾಕೇಜನ್ನು ಡಾಟ್ ನೆಟ್ ಪ್ಯಾಕೇಜುಗಳ ಭಂಡಾರವಾದ ನ್ಯೂಗೆಟ್‌ನಿಂದ ಸೇರಿಸಿಕೊಂಡು, ಯಾವುದಕ್ಕೆ ಯಾವ ಕ್ಲಾಸೆಂದು ಹೇಳುವ ಪಟ್ಟಿಯಾದ ಸರ್ವಿಸ್ ಕಲೆಕ್ಷನ್ನಿನಲ್ಲಿ ಎಲ್ಲವನ್ನೂ ನೋಂದಾಯಿಸಿದೆ. ನಾನು ಎಡವಿದ್ದು ಇಲ್ಲಿ. ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ ಡಿಬಿ ಕಾಂಟೆಕ್ಸ್ಟ್ (ಡೇಟಾಬೇಸಿನೊಡನೆ ವ್ಯವಹರಿಸುವ ಆಬ್ಜೆಕ್ಟ್) ಪೂರ್ವನಿಯೋಜಿತವಾಗಿ ‘ಸ್ಕೋಪ್ಡ್’ ಆಗಿಯೇ, ಅಂದರೆ ಒಂದು ಸ್ಕೋಪ್ ತೆರೆದು ಮುಚ್ಚುವವರೆಗೆ ಮಾತ್ರ ಬದುಕುವಂತೆ, ನೋಂದಣಿಯಾಗುತ್ತದೆ. ವೆಬ್ಬಿನಲ್ಲಾದರೆ ಪ್ರತಿ ರಿಕ್ವೆಸ್ಟಿಗೆ ಒಂದು ಸ್ಕೋಪನ್ನು ಎಎಸ್‌ಪಿ ಡಾಟ್ ನೆಟ್ ಕೋರ್ ತಾನೇ ತೆರೆದು ಮುಚ್ಚುತ್ತದೆ. ಕನ್ಸೋಲಿನಲ್ಲಿ ಆ ಕೆಲಸ ನಮ್ಮದೇ. ನಾನು ಕಾಂಟೆಕ್ಸ್ಟನ್ನು, ನೋಂದಾಯಿಸಿದ ಆಬ್ಜೆಕ್ಟುಗಳನ್ನು ಕಟ್ಟಿಕೊಡುವ ಮೂಲ ಪ್ರೊವೈಡರಿನಿಂದಲೇ ನೇರವಾಗಿ ಪಡೆದದ್ದರಿಂದ ಒಂದೇ ಕಾಂಟೆಕ್ಸ್ಟ್ ಕೊನೆಯವರೆಗೂ ಬದುಕಿದ್ದು, ಓದಿದ ಪ್ರತಿಯೊಂದು ದಾಖಲೆಯನ್ನೂ ಹಿಡಿದಿಟ್ಟುಕೊಂಡು, ಹೋಗುತ್ತಾ ಹೋಗುತ್ತಾ ನಿಧಾನವಾಯಿತು. ಎರರ್ ಮಾತ್ರ ಬರಲಿಲ್ಲ, ಏಕೆಂದರೆ ಪ್ರೊವೈಡರನ್ನು ಕೈಯಾರೆ ಕಟ್ಟಿದಾಗ ಇಂಥ ತಪ್ಪನ್ನು ಹಿಡಿಯುವ ‘ವ್ಯಾಲಿಡೇಟ್ ಸ್ಕೋಪ್ಸ್’ ತಪಾಸಣೆ ಆರಿರುತ್ತದೆ. ಅದನ್ನು ಚಾಲೂ ಮಾಡಿದೊಡನೆ ಇನ್‌ವ್ಯಾಲಿಡ್ ಆಪರೇಶನ್ ಎಕ್ಸೆಪ್ಶನ್ ಬಿದ್ದು ತಪ್ಪು ಎಲ್ಲಿದೆಯೆಂದು ತೋರಿತು. ಈಗ ಪ್ರತಿ ಸದಸ್ಯರಿಗೂ ‘ಕ್ರಿಯೇಟ್ ಸ್ಕೋಪ್’ ಕರೆದು, ಕೆಲಸ ಮುಗಿದೊಡನೆ ತಾನೇ ಮುಚ್ಚುವಂತೆ ‘ಯೂಸಿಂಗ್’ ಹಾಕುತ್ತೇನೆ. ಪ್ರೊವೈಡರಿಗೂ ‘ಯೂಸಿಂಗ್’ ಬೇಕು. ನಡೆದದ್ದನ್ನು ಪರದೆಗೆ ಬರೆಯುವ ಕನ್ಸೋಲ್ ಲಾಗರ್ ಹಿನ್ನೆಲೆಯ ಥ್ರೆಡ್ಡಿನಲ್ಲಿ ಬರೆಯುವುದರಿಂದ, ಅದಿಲ್ಲದಿದ್ದಾಗ ಕೊನೆಯ ಕೆಲವು ಸಾಲುಗಳು ನನಗೆ ಕಾಣಿಸುತ್ತಲೇ ಇರಲಿಲ್ಲ.

ಪ್ರೋಗ್ರಾಮಿಗೆ ‘ಪರೀಕ್ಷೆ’ ಎಂಬ ಆರ್ಗ್ಯುಮೆಂಟ್ ಕೊಟ್ಟರೆ ಈಗ ಮೇಲ್ ಕಳುಹಿಸುವ ಕ್ಲಾಸಿನ ಬದಲು ಫೈಲಿಗೆ ಬರೆಯುವ ಕ್ಲಾಸು ನೋಂದಣಿಯಾಗುತ್ತದೆ. ಆ ಫೈಲನ್ನು ನಮ್ಮ ಖಜಾಂಚಿಯವರು ರಸೀದಿ ಪುಸ್ತಕದೊಡನೆ ಹೋಲಿಸಿ ಒಪ್ಪಿದ ಮೇಲೆಯೇ ನಿಜವಾದ ಮೇಲ್‌ಗಳು ಹೊರಡುತ್ತವೆ.