ಟ್ಯೂಬ್ ಆಂಪ್‌ನಿಂದ ಮಾಡೆಲರ್‌ಗೆ: ಮಲೆನಾಡಿನ ಕರೆಂಟು, ಥಂಡಿ ಮತ್ತು ಮೂರು ಕ್ಯಾಪ್ಚರ್

ತೀರ್ಥಹಳ್ಳಿ ಕಡೆ ಗಿಟಾರಿಗೆ ಟ್ಯೂಬ್ ಆಂಪ್, ಅಂದರೆ ವ್ಯಾಕ್ಯೂಮ್ ಟ್ಯೂಬಿನ ಆಂಪ್ಲಿಫೈಯರ್, ಇಟ್ಟುಕೊಂಡರೆ ಎರಡು ಕಾಟ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತದೆ, ಮಳೆಗಾಲದಲ್ಲಿ ಥಂಡಿ ಹಿಡಿಯುತ್ತದೆ. ನನ್ನದು 40 ವ್ಯಾಟಿನ ಕಾಂಬೊ, ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ. ಪವರ್‌ಗೆ ಎರಡು 6ಎಲ್6 ಟ್ಯೂಬ್, ಪ್ರೀಆಂಪಿಗೆ ಮೂರು 12ಎಎಕ್ಸ್7, 12 ಇಂಚಿನ ಒಂದು ಸ್ಪೀಕರ್. ಲೈನ್ 230 ಇದ್ದಾಗ ಟ್ಯೂಬನ್ನು ಕಾಯಿಸುವ ಹೀಟರ್‌ಗೆ 6.3 ವೋಲ್ಟ್ ಸಿಗುತ್ತದೆ. 185ಕ್ಕೆ ಇಳಿದರೆ ಹೀಟರ್‌ಗೆ ಬರುವುದು 5 ವೋಲ್ಟ್. ಪ್ಲೇಟಿನ 420 ವೋಲ್ಟ್ 340ರ ಹತ್ತಿರ ಬಂದು ನಿಲ್ಲುತ್ತದೆ. ಕ್ಯಾಥೋಡ್ ಕಾಯುವುದಿಲ್ಲ, ಸ್ವರ ಮಂಕು, ಬೇಸ್ ಸಡಿಲ. ರಿಲೇ ಸ್ಟೆಬಿಲೈಸರ್ ಹಾಕಿದರೆ ಅದು ಹಂತ ಬದಲಿಸಿದಾಗೆಲ್ಲ ಸ್ಪೀಕರಿನಲ್ಲಿ ಟಪ್ ಅನ್ನುತ್ತದೆ. ನನ್ನ ಮಾಡೆಲರ್, ಅಂದರೆ ಆಂಪಿನ ಸ್ವರವನ್ನು ಡಿಜಿಟಲ್ ಆಗಿ ಅನುಕರಿಸುವ ಪೆಡಲ್, ಅದರ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗಿನ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ). 170 ಇದ್ದರೂ ಅದಕ್ಕೆ ವ್ಯತ್ಯಾಸವಿಲ್ಲ. ನಾನು ಬದಲಾಯಿಸಿದ್ದಕ್ಕೆ ಮೊದಲ ಕಾರಣ ಇದು.

ಆಂಪನ್ನು ಮೂಲೆಗಿಡುವ ಮೊದಲು ಅದರ ಕ್ಯಾಪ್ಚರ್, ಅಂದರೆ ಅದರ ಸ್ವರದ ಡಿಜಿಟಲ್ ಅಚ್ಚು, ತೆಗೆದಿಡಲೇಬೇಕು. ರೆಡಿಮೇಡ್ ಪ್ಯಾಚ್‌ಗಳ (ಉಳಿಸಿಟ್ಟ ಸೆಟ್ಟಿಂಗ್‌ಗಳ) ರಾಶಿಯಲ್ಲಿ ಹುಡುಕುತ್ತ ಕೂರುವುದಕ್ಕಿಂತ ನಿಮ್ಮ ಬೆರಳಿಗೆ ಗೊತ್ತಿರುವ ಆಂಪೇ ಮೇಲು. ನಾನು ಬಳಸಿದ್ದು ನ್ಯೂರಲ್ ಆಂಪ್ ಮಾಡೆಲರ್, ಚಿಕ್ಕದಾಗಿ ನ್ಯಾಮ್. ಉಚಿತ, ಓಪನ್ ಸೋರ್ಸ್.

ಇದಕ್ಕೆ ರಾತ್ರಿ ಪಂಪ್‌ಸೆಟ್‌ಗಳು ನಿಂತ ಮೇಲಿನ ಹೊತ್ತೇ ಸರಿ. ಮಲ್ಟಿಮೀಟರ್‌ನಲ್ಲಿ 225ರಿಂದ 235 ತೋರಿಸಬೇಕು. ಇಲ್ಲದಿದ್ದರೆ ಸೊರಗಿದ ಆಂಪೇ ಶಾಶ್ವತವಾಗಿ ಫೈಲಿನಲ್ಲಿ ಉಳಿಯುತ್ತದೆ. ಆಂಪ್ ಅರ್ಧ ಗಂಟೆ ಕಾಯಲಿ. ರಿವರ್ಬ್ ಮತ್ತು ಟ್ರೆಮೊಲೊ ಪೂರ್ತಿ ಬಂದ್. ಇವೆರಡನ್ನೂ ನ್ಯಾಮ್ ಕಲಿಯಲಾರದು. ಸ್ಪೀಕರ್ ತೆಗೆದ ಜಾಗಕ್ಕೆ ಅದೇ ಓಮ್‌ನ ರಿಯಾಕ್ಟಿವ್ ಲೋಡ್ ಬಾಕ್ಸ್ (ಸ್ಪೀಕರಿನ ಬದಲು ಆಂಪಿನ ಪವರ್ ಹೀರುವ ಪೆಟ್ಟಿಗೆ) ಹಾಕಿ, ಅದರ ಲೈನ್ ಔಟನ್ನು ಕಂಪ್ಯೂಟರಿನ ಆಡಿಯೋ ಇಂಟರ್‌ಫೇಸಿಗೆ ಕೊಡಿ. ಲೋಡ್ ಇಲ್ಲದೆ ಒಂದು ಸ್ವರವನ್ನೂ ನುಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ವೋಲ್ಟೇಜ್ ಸಿಡಿದು ಇನ್ಸುಲೇಷನ್ ಸುಟ್ಟುಹೋಗಬಹುದು.

ಇನ್ನೊಂದು ಕಡೆ, ಇಂಟರ್‌ಫೇಸಿನ ಲೈನ್ ಔಟ್‌ನಿಂದ ರೀಆಂಪ್ ಬಾಕ್ಸ್ (ಲೈನ್ ಸಿಗ್ನಲನ್ನು ಗಿಟಾರಿನ ಮಟ್ಟಕ್ಕೆ ಇಳಿಸುವುದು), ಅಲ್ಲಿಂದ ಆಂಪಿನ ಇನ್‌ಪುಟ್. ಇಲ್ಲಿ ಲೆವೆಲ್ ಹೊಂದಿಸುವುದೇ ನಿಜವಾದ ಕೆಲಸ, ಹೆಚ್ಚಿನವರು ಎಡವುವುದೂ ಇಲ್ಲೇ. ಮೊದಲು ಗಿಟಾರನ್ನು ನೇರ ಆಂಪಿಗೆ ಹಾಕಿ ಸ್ವರ ಒಡೆಯಲು (ಡಿಸ್ಟಾರ್ಟ್ ಆಗಲು) ಶುರುವಾಗುವ ಕಡೆ ಗೇನ್ ನಿಲ್ಲಿಸಿ. ಅದೇ ರಿಫ್ಫನ್ನು ಇಂಟರ್‌ಫೇಸಿನ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ನಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ರೀಆಂಪ್ ಮೂಲಕ ಆಂಪಿಗೆ ಕಳಿಸಿ. ಎರಡೂ ಒಂದೇ ಹದದಲ್ಲಿ ಒಡೆಯುವ ತನಕ ರೀಆಂಪಿನ ನಾಬ್ ತಿರುಗಿಸಿ. ಆಮೇಲೆ ಆ ನಾಬನ್ನೂ ಇನ್‌ಪುಟ್ ಗೇನನ್ನೂ ಮುಟ್ಟಬೇಡಿ, ಟೇಪ್ ಅಂಟಿಸಿಬಿಡಿ. ಲೆವೆಲ್ ತಪ್ಪಿದ ಕ್ಯಾಪ್ಚರ್ ಕೆಟ್ಟದಾಗಿ ಕೇಳಿಸುವುದಿಲ್ಲ, ಆದರೆ ಗಿಟಾರಿನ ವಾಲ್ಯೂಮ್ ಇಳಿಸಿದಾಗ ಸ್ವರ ತಿಳಿಯಾಗಬೇಕಾದ ಜಾಗದಲ್ಲಿ ತಿಳಿಯಾಗುವುದಿಲ್ಲ. ಟ್ಯೂಬ್ ಆಂಪ್ ನುಡಿಸಿದ ಕೈಗೆ ಇದು ತಕ್ಷಣ ಗೊತ್ತಾಗುತ್ತದೆ.

ನ್ಯಾಮ್ ಕೊಡುವ ಸುಮಾರು ಮೂರು ನಿಮಿಷದ ಟೆಸ್ಟ್ ಫೈಲನ್ನು 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ಓಡಿಸಿ. ವಾಪಸು ಬರುವ ಸಿಗ್ನಲ್ ಎಲ್ಲೂ ಕ್ಲಿಪ್ ಆಗಬಾರದು. ಆ ರೆಕಾರ್ಡಿಂಗಿನಿಂದ ನ್ಯಾಮ್‌ಗೆ ಆಂಪನ್ನು ಕಲಿಸುವ ಟ್ರೇನಿಂಗಿಗೆ ದೊಡ್ಡ ಕಂಪ್ಯೂಟರ್ ಬೇಡ, ಆನ್‌ಲೈನ್‌ನಲ್ಲಿರುವ ಗೂಗಲ್ ಕೊಲ್ಯಾಬ್ ಸಾಕು. ಕೊನೆಗೆ ಬರುವ ಇಎಸ್‌ಆರ್ (ಅಸಲಿಗೂ ನಕಲಿಗೂ ಇರುವ ತಪ್ಪಿನ ಪ್ರಮಾಣ) 0.01ರ ಒಳಗಿದ್ದರೆ ಒಳ್ಳೆಯದು. 0.03 ದಾಟಿದರೆ ಮತ್ತೆ ಟ್ರೇನ್ ಮಾಡುವುದಕ್ಕೆ ಮುಂಚೆ ಹಮ್, ಮರೆತ ರಿವರ್ಬ್, ಸಡಿಲ ಕೇಬಲ್ ಹುಡುಕಿ. ಕ್ಯಾಪ್ಚರ್ ಅಂದರೆ ನಾಬ್‌ಗಳ ಒಂದು ಸ್ಥಿತಿಯ ಅಚ್ಚು ಮಾತ್ರ. ಹಾಗಾಗಿ ಗೇನ್ 2, 4, 6ರಲ್ಲಿ ಮೂರು ತೆಗೆದೆ. ಸ್ಟೇಜಿನಲ್ಲಿ ಅದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಲೋಡ್ ಬಾಕ್ಸಿನಿಂದ ತೆಗೆದದ್ದರಲ್ಲಿ ಸ್ಪೀಕರ್ ಇರುವುದಿಲ್ಲ. ಹಾಗೇ ಕೇಳಿದರೆ ಕಾಡಿನ ಜೀರುಂಡೆ ಕಿವಿಯೊಳಗೆ ಕೂತ ಹಾಗಿರುತ್ತದೆ. ಡಿಜಿಟಲ್ ಅಂದರೆ ಕರ್ಕಶ ಎಂಬ ಮಾತು ಹುಟ್ಟುವುದು ಬಹುಪಾಲು ಇಲ್ಲಿಂದ. ಅದರ ನಂತರ ಕ್ಯಾಬಿನೆಟ್ ಐಆರ್ (ಇಂಪಲ್ಸ್ ರೆಸ್ಪಾನ್ಸ್, ಸ್ಪೀಕರ್ ಮತ್ತು ಮೈಕಿನ ಸ್ವರದ ಡಿಜಿಟಲ್ ಅಚ್ಚು) ಹಾಕಬೇಕು: 12 ಇಂಚಿನ ಸ್ಪೀಕರ್, ಡಸ್ಟ್ ಕ್ಯಾಪಿನ ಅಂಚಿಗೆ ಎಸ್‌ಎಂ57 ಮೈಕ್. ಲೋ ಕಟ್ 90 ಹರ್ಟ್ಜ್, ಹೈ ಕಟ್ 6 ಕಿಲೋಹರ್ಟ್ಜ್. ಗಿಟಾರ್ ಸ್ಪೀಕರ್ ಅದರಾಚೆ ಹೇಗೂ ಹೆಚ್ಚೇನೂ ಕೊಡುವುದಿಲ್ಲ. ಕ್ಯಾಬಿನೆಟ್ ಸೇರಿಸಿಯೇ ಮಾಡಿದ ಕ್ಯಾಪ್ಚರಿಗೆ ಮತ್ತೆ ಐಆರ್ ಹಾಕಿದರೆ ಕಂಬಳಿ ಹೊದಿಸಿದಂತೆ ಮುಚ್ಚಿಕೊಳ್ಳುತ್ತದೆ.

ಲ್ಯಾಪ್‌ಟಾಪಿನಲ್ಲಿ ನುಡಿಸುವುದಾದರೆ ಬಫರ್ 64 ಅಥವಾ 128 ಸ್ಯಾಂಪಲ್. 128 ಅಂದರೆ ಒಂದು ದಾರಿಗೆ 2.7 ಮಿಲಿಸೆಕೆಂಡ್, ಆಂಪಿನಿಂದ ಒಂದು ಮೀಟರ್ ದೂರ ನಿಂತರೆ ಶಬ್ದ ಕಿವಿಗೆ ಬರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಸ್ಟೇಜಿಗೆ ಮಾತ್ರ ಲ್ಯಾಪ್‌ಟಾಪ್ ಬೇಡ, ಕಾಲ ಬಳಿಯ ಪೆಡಲ್ಲೇ ಸರಿ.

ಪ್ಯಾಚನ್ನು ಹೆಡ್‌ಫೋನಿನಲ್ಲಿ ಸಣ್ಣಗೆ ಕೇಳುತ್ತ ಮುಗಿಸಬೇಡಿ. ಕಡಿಮೆ ಶಬ್ದದಲ್ಲಿ ನಮ್ಮ ಕಿವಿಗೆ ಬೇಸ್ ಮತ್ತು ಟ್ರೆಬಲ್ ಕಡಿಮೆ ಕೇಳುತ್ತವೆ, ಅಂತ ಎರಡನ್ನೂ ಏರಿಸಿರುತ್ತೀರಿ. ಗಣಪತಿ ಪೆಂಡಾಲಿನ ಸ್ಪೀಕರಿನಲ್ಲಿ ಅದೇ ಪ್ಯಾಚ್ ಗುಂಯ್‌ಗುಡುತ್ತ ಕಿವಿ ಚುಚ್ಚುತ್ತದೆ. 90 ಡೆಸಿಬೆಲ್ ಸುಮಾರಿಗೆ, ಪವರ್ಡ್ ಸ್ಪೀಕರಿನಲ್ಲಿ ಹದ ಮಾಡಿ. ನಾನು 3ರಿಂದ 5 ಕಿಲೋಹರ್ಟ್ಜ್ ನಡುವೆ 2–3 ಡಿಬಿ ಇಳಿಸುತ್ತೇನೆ. ಆ ಸ್ಪೀಕರನ್ನು ಸ್ಟೇಜಿನಲ್ಲೂ ಬೆನ್ನ ಹಿಂದೆ ಒಂದು ಮೀಟರಿನಲ್ಲಿ ಇಟ್ಟರೆ ತಂತಿಗೆ ಗಾಳಿಯ ತಳ್ಳು ಸಿಕ್ಕಿ ಸ್ವರ ಹೆಚ್ಚು ಹೊತ್ತು ಉಳಿಯುತ್ತದೆ. ಟ್ಯೂಬ್ ಬಿಟ್ಟವರು ಕಳೆದುಕೊಂಡೆವು ಅನ್ನುವುದು ಹೆಚ್ಚಾಗಿ ಇದನ್ನೇ.

ಹಮ್ ಬಂದರೆ ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರನ್ನು ನೋಡಿದ್ದೇನೆ. ಒದ್ದೆ ನೆಲದ ಮೇಲೆ ನಿಂತು ಲೋಹದ ತಂತಿ ಹಿಡಿಯುವವರು ಅದನ್ನು ಮಾಡಲೇಬಾರದು. ಪೆಡಲನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಒತ್ತಿದರೆ ಸಾಕು, ಅದು ಆಡಿಯೋ ಕೇಬಲ್ಲಿನ ಗ್ರೌಂಡನ್ನಷ್ಟೇ ಬಿಡಿಸುತ್ತದೆ. ಮನೆಯಲ್ಲಿ ಬೇಸಿಗೆಗೆ ಜಂಬಿಟ್ಟಿಗೆ ನೆಲ ಒಣಗಿ ಅರ್ತ್ ದುರ್ಬಲವಾಗುತ್ತದೆ, ಗುಂಡಿಗೆ ನೀರು ಹಾಕುತ್ತಿರಿ. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಇರಲಿ. ಸ್ಕ್ವೇರ್ ವೇವ್ ಆದರೆ ಸಿಂಗಲ್ ಕಾಯಿಲ್ ಪಿಕಪ್ ಝೇಂಕರಿಸುತ್ತದೆ.

ಆರಿದ್ರಾದಿಂದ ಆಶ್ಲೇಷ ಮಳೆ ಮುಗಿಯುವವರೆಗೆ ಪೆಡಲನ್ನೂ ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬದಲ್ಲಿಡಿ, ಜ್ಯಾಕುಗಳಿಗೆ ಕಿಲುಬು ಹಿಡಿಯುತ್ತದೆ. ಟ್ಯೂಬ್ ಆಂಪನ್ನು ಮಾರಿಲ್ಲ. ನೆಲದಿಂದ ಎತ್ತರಿಸಿ, ಎರಡು ವಾರಕ್ಕೊಮ್ಮೆ ಲೋಡ್ ಸಮೇತ ಒಂದು ಗಂಟೆ ಕಾಯಿಸಿದರೆ ಬೂಷ್ಟು ಹತ್ತುವುದಿಲ್ಲ. ಒಳಗೆ ಒರೆಸಲು ಹೋಗುವವರು ನೆನಪಿಡಿ: ಸ್ವಿಚ್ ತೆಗೆದ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ 400 ವೋಲ್ಟ್ ನಿಂತಿರಬಹುದು. ಅಳೆದು, ಇಳಿಸಿ, ಆಮೇಲೆ ಕೈ ಹಾಕಿ.