ಧಾರವಾಡದಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ? – ಕಾಂಪ್ರಹೆನ್ಸಿವ್ ಪರೀಕ್ಷೆಗೆ ನಾನು ಸಿದ್ಧನಾದ ಬಗೆ

ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ.ಗೆ ಸೇರಿ ಒಂದೂವರೆ ವರ್ಷವಾದ ಮೇಲೆ ನಾನು ಮೊದಲ ಸಲ ಸಂಶೋಧನೆ ಮುಂದುವರಿಸಲು ತೇರ್ಗಡೆಯಾಗಲೇಬೇಕಾದ ಕಾಂಪ್ರಹೆನ್ಸಿವ್ ಪರೀಕ್ಷೆಯ ಮೌಖಿಕ ಭಾಗಕ್ಕೆ ಹಾಜರಾದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ, "ಧಾರವಾಡದಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ?" ಎಂಬುದು. ನಾನು "ನೂರು" ಎಂದೆ. "ಧಾರವಾಡ ಸಮುದ್ರದ ದಂಡೆಯ ಮೇಲಿದೆಯೇ?" ಎಂದು ಅವರು ಮೆಲ್ಲಗೆ ಕೇಳಿದರು. ಅದರ ಹಿಂದಿನ ರಾತ್ರಿಯಷ್ಟೇ, ಒತ್ತಡ ಬದಲಾದಂತೆ ಕುದಿಯುವ ಬಿಂದು ಎಷ್ಟು ಬದಲಾಗುತ್ತದೆಂದು ಹೇಳುವ ಕ್ಲಾಸಿಯಸ್–ಕ್ಲಾಪೆರಾನ್ ಸಮೀಕರಣವನ್ನು ಮೂಲದಿಂದ ಹಿಡಿದು ಕೊನೆಯ ಸಾಲಿನವರೆಗೆ ಎರಡು ಸಲ ಬರೆದಿದ್ದೆ. ಆದರೂ ಆ ಕ್ಷಣದಲ್ಲಿ ಅದನ್ನು ಈ ಪ್ರಶ್ನೆಗೆ ಹಚ್ಚಬೇಕೆಂಬುದು ನನಗೆ ಹೊಳೆಯಲಿಲ್ಲ. ಉಳಿದ ನಲವತ್ತು ನಿಮಿಷವೂ ಹಾಗೆಯೇ ಕಳೆಯಿತು. ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೆ; ಮೌಖಿಕವನ್ನು ಮಾತ್ರ ಆರು ತಿಂಗಳ ನಂತರ ಮತ್ತೆ ಎದುರಿಸಬೇಕೆಂದು ಸಮಿತಿ ತೀರ್ಮಾನಿಸಿತು. ಆ ತೀರ್ಮಾನ ಸರಿಯಾಗಿತ್ತೆಂದು ನನಗೆ ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ.

ಆ ರಾತ್ರಿ ಧಾರವಾಡದ ಸಪ್ತಾಪುರದ ನನ್ನ ಕೋಣೆಯಲ್ಲಿ ಕುಳಿತು ಲೆಕ್ಕ ಮಾಡಿದೆ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕುಗ್ಗುವ ನಿಯಮವನ್ನು ಹಚ್ಚಿದರೆ ಸಮುದ್ರಮಟ್ಟದಲ್ಲಿ 101 ಕಿಲೋಪಾಸ್ಕಲ್ ಇರುವ ಒತ್ತಡ ಇಲ್ಲಿ ಸುಮಾರು 93ಕ್ಕೆ ಇಳಿಯುತ್ತದೆ. ಕುದಿಯುವ ಬಿಂದುವಿನ ಹತ್ತಿರ ಒತ್ತಡದ ಅನುಪಾತದ ನೈಸರ್ಗಿಕ ಲಾಗರಿತಮ್ ಅನ್ನು 28ರಿಂದ ಗುಣಿಸಿದರೆ ಉಷ್ಣತೆಯ ವ್ಯತ್ಯಾಸ ಡಿಗ್ರಿಗಳಲ್ಲಿ ದೊರೆಯುತ್ತದೆ. ಆ 28 ಎಂಬುದು ಅನಿಲ ಸ್ಥಿರಾಂಕ, ಕೆಲ್ವಿನ್ ಉಷ್ಣತೆಯ ವರ್ಗ ಮತ್ತು ನೀರು ಆವಿಯಾಗಲು ಬೇಕಾದ ಮೋಲಿಗೆ 40.7 ಕಿಲೋಜೌಲ್ ಸುಪ್ತೋಷ್ಣ ಇವುಗಳಿಂದ ಹುಟ್ಟುವ ಅಂಕಿ. ಉತ್ತರ 97.5 ಡಿಗ್ರಿ. ಇಡೀ ಲೆಕ್ಕ ಅರ್ಧ ಪುಟವನ್ನೂ ತುಂಬಲಿಲ್ಲ. ನನಗೆ ಸಮೀಕರಣ ಗೊತ್ತಿತ್ತು, ಎತ್ತರವೂ ಗೊತ್ತಿತ್ತು. ಗೊತ್ತಿರುವುದನ್ನು ಪ್ರಶ್ನೆಯ ಎದುರು ತಂದು ನಿಲ್ಲಿಸುವ ಅಭ್ಯಾಸ ಮಾತ್ರ ಇರಲಿಲ್ಲ. ಮುಂದಿನ ಆರು ತಿಂಗಳು ನಾನು ರೂಢಿಸಿಕೊಂಡದ್ದು ಆ ಅಭ್ಯಾಸವೊಂದನ್ನೇ.

ನನ್ನ ಮೊದಲಿನ ತಯಾರಿ ಏನಾಗಿತ್ತೆಂಬುದನ್ನೂ ಹೇಳಬೇಕು. ಎಂಜಿನಿಯರಿಂಗ್‌ನ ಸ್ನಾತಕೋತ್ತರ ಪ್ರವೇಶಕ್ಕಿರುವ ಗೇಟ್ ಪರೀಕ್ಷೆಗೆ ಓದಿದ ರೀತಿಯಲ್ಲಿಯೇ ಇದಕ್ಕೂ ಓದಿದ್ದೆ. ಸಾರಿಗೆ ವಿದ್ಯಮಾನಗಳು (ಶಾಖ, ದ್ರವ್ಯ, ಸಂವೇಗಗಳ ಸಾಗಣೆ), ಥರ್ಮೋಡೈನಮಿಕ್ಸ್, ರಿಯಾಕ್ಷನ್ ಎಂಜಿನಿಯರಿಂಗ್, ಗಣಿತ ಎಂಬ ನಾಲ್ಕು ವಿಷಯಗಳಿಗೆ ನಾಲ್ಕು ದಪ್ಪ ನೋಟ್‌ಬುಕ್‌ಗಳಿದ್ದವು, ಪ್ರತಿ ಅಧ್ಯಾಯದ ಸೂತ್ರಗಳು ಬಣ್ಣದ ಶಾಯಿಯಲ್ಲಿದ್ದವು, ಬಿಡಿಸಿದ ಲೆಕ್ಕಗಳ ಸಂಖ್ಯೆ ಬಹಳ ದೊಡ್ಡದಿತ್ತು. ಗೇಟ್‌ನಲ್ಲಿ ಪ್ರಶ್ನೆಯೇ ದಾರಿಯನ್ನು ಹೇಳುತ್ತದೆ: ಯಾವ ಅಂಕಿಗಳನ್ನು ಕೊಟ್ಟಿದ್ದಾರೆಂದು ನೋಡಿದರೆ ಯಾವ ಸೂತ್ರ ಬೇಕೆಂಬುದು ತಿಳಿಯುತ್ತದೆ. ಕಾಂಪ್ರಹೆನ್ಸಿವ್‌ನಲ್ಲಿ ಯಾರೂ ಅಂಕಿಗಳನ್ನು ಕೊಡುವುದಿಲ್ಲ. ಯಾವ ಅಂಕಿ ಬೇಕೆಂದು ನಾವೇ ನಿರ್ಧರಿಸಬೇಕು, ಅದನ್ನು ನಾವೇ ಅಂದಾಜಿಸಬೇಕು, ಸಮೀಕರಣದ ಯಾವ ಪದವನ್ನು ಕೈಬಿಟ್ಟೆವು ಮತ್ತು ಏಕೆ ಕೈಬಿಟ್ಟೆವು ಎಂಬುದಕ್ಕೆ ನಾವೇ ಉತ್ತರ ಕೊಡಬೇಕು.

ಆದ್ದರಿಂದ ನಾಲ್ಕೂ ನೋಟ್‌ಬುಕ್‌ಗಳನ್ನು ಕಟ್ಟಿ ಅಟ್ಟದ ಮೇಲಿಟ್ಟೆ. ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಲೇ ಸಂಶೋಧನೆ ಮಾಡುತ್ತಿದ್ದವನು. ಓದಲು ಸಿಗುತ್ತಿದ್ದುದು ಬೆಳಗಿನ ಎರಡು ಗಂಟೆ, ಸಂಜೆಯ ಒಂದು ಗಂಟೆ, ಮತ್ತು ಹುಬ್ಬಳ್ಳಿ–ಧಾರವಾಡದ ನಡುವಿನ ಚಿಗರಿ ಬಸ್ಸಿನಲ್ಲಿ ಹೋಗಿ ಬರುವ ಹೊತ್ತು. ಬೆಳಿಗ್ಗೆ ಐದೂವರೆಗೆ ಸಪ್ತಾಪುರದ ಓದುವ ಕೋಣೆಯಲ್ಲಿ ಕೆಎಎಸ್, ಪಿಎಸ್ಐ ಪರೀಕ್ಷೆಗಳಿಗೆ ತಯಾರಾಗುವ ಹುಡುಗರ ನಡುವೆ ಕುಳಿತು, ಒಂದು ಖಾಲಿ ಹಾಳೆ ತೆಗೆದು, ಮೇಲೆ ಒಂದೇ ಪ್ರಶ್ನೆ ಬರೆದು, ಪುಸ್ತಕ ತೆರೆಯದೆ ಅದನ್ನು ಎಲ್ಲಿಯವರೆಗೆ ಒಯ್ಯಬಹುದೋ ಅಲ್ಲಿಯವರೆಗೆ ಒಯ್ಯುತ್ತಿದ್ದೆ. ಸಿಕ್ಕಿಬಿದ್ದ ಜಾಗವನ್ನು ಗುರುತು ಮಾಡಿಕೊಂಡು, ಆ ಜಾಗವನ್ನಷ್ಟೇ ಪುಸ್ತಕದಲ್ಲಿ ನೋಡುತ್ತಿದ್ದೆ. ಮೊದಲ ತಿಂಗಳು ದಿನಕ್ಕೆ ಒಂದು ಪ್ರಶ್ನೆಯೂ ಮುಗಿಯುತ್ತಿರಲಿಲ್ಲ. ಅವಸರ ಮಾಡಲಿಲ್ಲ.

ನನ್ನೊಂದಿಗೆ ಕೋಣೆಯಲ್ಲಿದ್ದ ಗೆಳೆಯ ಇತಿಹಾಸ ಓದಿದವನು. ಅವನಿಗೆ ಬಿಡಿಸಿ ಹೇಳಲು ಹೊರಟಾಗ ಎಲ್ಲಾ ಸಮತೋಲನ ಸಮೀಕರಣಗಳಿಗೂ ಒಂದೇ ಹೆಸರು ಬಂದಿತು: ಜಮಾ–ಖರ್ಚು. ಒಂದು ಜಾಗವನ್ನು ಗೆರೆ ಎಳೆದು ಸುತ್ತುವರಿ. ಒಳಗೆ ಬರುವುದು ಎಷ್ಟು, ಹೊರಗೆ ಹೋಗುವುದು ಎಷ್ಟು, ಒಳಗೇ ಹುಟ್ಟುವುದು ಎಷ್ಟು, ಉಳಿಯುವುದು ಎಷ್ಟು. ದ್ರವ್ಯರಾಶಿಗೂ ಅದೇ, ಶಾಖಕ್ಕೂ ಅದೇ, ಸಂವೇಗಕ್ಕೂ ಅದೇ. ಇಂಗ್ಲಿಷಿನಲ್ಲಿ ಪುಸ್ತಕದ ವಾಕ್ಯಗಳು ನಾಲಿಗೆಗೆ ತಾವಾಗಿ ಬರುವುದರಿಂದ ಎಲ್ಲಿ ಅರ್ಥವಾಗಿಲ್ಲವೆಂಬುದು ಮುಚ್ಚಿಹೋಗುತ್ತದೆ. ಕನ್ನಡದಲ್ಲಿ ಹೇಳಲು ಹೊರಟರೆ ಸಿದ್ಧ ವಾಕ್ಯಗಳೇ ಇಲ್ಲ, ಪ್ರತಿ ಹೆಜ್ಜೆಯನ್ನೂ ಯೋಚಿಸಿಯೇ ಇಡಬೇಕು. ಗೆಳೆಯನ "ಯಾಕೆ?" ಎಂಬ ಒಂದೇ ಮಾತು ನನಗೆ ಎಷ್ಟು ನೆರವಾಯಿತೆಂಬುದನ್ನು ಅವನಿಗೆ ಸರಿಯಾಗಿ ಹೇಳಲು ಇನ್ನೂ ಆಗಿಲ್ಲ.

ಉದಾಹರಣೆಗೆ ಹರವಿಯ, ಅಂದರೆ ಮಣ್ಣಿನ ಕೊಡದ, ನೀರು. ಏಪ್ರಿಲ್‌ನ ಒಂದು ಮಧ್ಯಾಹ್ನ ಅವನು ಕುಡಿಯಲು ನೀರು ತೆಗೆದುಕೊಳ್ಳುತ್ತ, ಇದು ಎಷ್ಟರವರೆಗೆ ತಣ್ಣಗಾಗಬಲ್ಲದು ಎಂದು ಕೇಳಿದ. ಮಣ್ಣಿನ ಮೇಲ್ಮೈಯಿಂದ ನೀರು ಆವಿಯಾಗಲು ಬೇಕಾದ ಶಾಖ ಗಾಳಿಯಿಂದಲೇ ಬರಬೇಕು. ಆ ಎರಡರ ಜಮಾ–ಖರ್ಚು ಸರಿಹೊಂದುವ ಉಷ್ಣತೆಯೇ ವೆಟ್ ಬಲ್ಬ್ ಉಷ್ಣತೆ. ಗಾಳಿ 36 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ 25 ಎಂದಿಟ್ಟುಕೊಂಡು, ಧಾರವಾಡದ ಒತ್ತಡವನ್ನೇ ಹಾಕಿ ಲೆಕ್ಕ ಮಾಡಿದರೆ ಸುಮಾರು 21 ಡಿಗ್ರಿ ಬಂತು. ಥರ್ಮಾಮೀಟರ್ ಇಳಿಬಿಟ್ಟು ನೋಡಿದರೆ ನೀರು 25 ಡಿಗ್ರಿ ಇತ್ತು. ಈ ನಾಲ್ಕು ಡಿಗ್ರಿಯ ಅಂತರವೇ ನನಗೆ ಹೆಚ್ಚು ಕಲಿಸಿತು. ಕೋಣೆಯ ಬಿಸಿ ಗೋಡೆಗಳಿಂದ ವಿಕಿರಣದ ಮೂಲಕ ಬರುವ ಶಾಖ, ಹರವಿ ಕೂತ ನೆಲದಿಂದ ಏರುವ ಶಾಖ, ಗಾಳಿಯಾಡದ ಮೂಲೆಯಲ್ಲಿ ಹರವಿಯ ಸುತ್ತ ಏರುವ ಆರ್ದ್ರತೆ ಇವೆಲ್ಲ ನಾನು ಸಮೀಕರಣದಲ್ಲಿ ಬರೆಯದೆ ಬಿಟ್ಟ ಪದಗಳಾಗಿದ್ದವು. ಹರವಿಯನ್ನು ಕಿಟಕಿಯ ಗಾಳಿಗೆ ಸರಿಸಿ, ಕೆಳಗೆ ಮರದ ಮಣೆ ಇಟ್ಟ ಮೇಲೆ ನೀರು ಮತ್ತಷ್ಟು ತಣ್ಣಗಾಯಿತು. ಅಲ್ಲಿಂದ ಮುಂದಿನ ಪ್ರಶ್ನೆ ಸಹಜವಾಗಿ ಬಂತು: ಗಾಳಿ–ನೀರಿನ ಜೋಡಿಯಲ್ಲಿ ವೆಟ್ ಬಲ್ಬ್ ಉಷ್ಣತೆಯೂ ಅಡಿಯಬ್ಯಾಟಿಕ್ ಸ್ಯಾಚುರೇಷನ್ ಉಷ್ಣತೆಯೂ (ಹೊರಗಿನ ಶಾಖವಿಲ್ಲದೆ ಗಾಳಿ ಆವಿಯಿಂದ ಪೂರ್ತಿ ತುಂಬಿದಾಗ ತಲುಪುವ ಉಷ್ಣತೆ) ಹೆಚ್ಚುಕಡಿಮೆ ಒಂದೇ ಆಗಿರುವುದೇಕೆ, ಟಾಲ್ವೀನ್–ಗಾಳಿಯ ಜೋಡಿಯಲ್ಲಿ ಹಾಗಾಗದಿರುವುದೇಕೆ? ಶಾಖವೂ ಆವಿಯೂ ಗಾಳಿಯಲ್ಲಿ ಹರಡುವ ವೇಗಗಳು ನೀರಿನ ಮಟ್ಟಿಗೆ ಹತ್ತಿರಹತ್ತಿರ ಇವೆ. ಲೂಯಿಸ್ ಸಂಖ್ಯೆ ಒಂದಕ್ಕೆ ಸಮೀಪ ಎಂದು ಪುಸ್ತಕಗಳು ಹೇಳುವುದು ಇದನ್ನೇ.

ಅಂದಾಜಿಗೆ ಅಂಕಿಗಳು ಬೇಕು. ಕೆಲವನ್ನು ಬಾಯಿಪಾಠ ಮಾಡಿದೆ, ಮತ್ತು ಬಾಯಿಪಾಠ ಮಾಡಿದ್ದು ಅಷ್ಟನ್ನೇ: ನೀರಿನ ಸ್ನಿಗ್ಧತೆ 0.001 ಪಾಸ್ಕಲ್ ಸೆಕೆಂಡ್, ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ 0.6 ವ್ಯಾಟ್, ಗಾಳಿಯದು 0.026, ಅನಿಲಗಳಲ್ಲಿ ವಿಸರಣಾಂಕ (ಒಂದು ವಸ್ತು ಇನ್ನೊಂದರೊಳಗೆ ಹರಡುವ ವೇಗದ ಅಳತೆ) ಸೆಕೆಂಡಿಗೆ ಸುಮಾರು 10ರ ಮೈನಸ್ 5ನೇ ಘಾತ ಚದರ ಮೀಟರ್, ದ್ರವಗಳಲ್ಲಿ ಮೈನಸ್ 9ನೇ ಘಾತ, ಗಾಳಿಯ ಪ್ರಾಂಟ್ಲ್ ಸಂಖ್ಯೆ (ಸಂವೇಗ ಹರಡುವ ವೇಗಕ್ಕೂ ಶಾಖ ಹರಡುವ ವೇಗಕ್ಕೂ ಇರುವ ಅನುಪಾತ) 0.7. ಇಂಥ ಮೂವತ್ತು ಅಂಕಿಗಳು ಒಂದು ಪೋಸ್ಟ್‌ಕಾರ್ಡಿನ ಎರಡು ಬದಿಗೆ ಹಿಡಿದವು. ಬಸ್ಸಿನಲ್ಲಿ ಅದನ್ನು ನೋಡದೆ, ಉಣಕಲ್ ಕೆರೆ ದಾಟುವುದರೊಳಗೆ ಯಾವುದಾದರೂ ಕೊಳವೆಯಲ್ಲಿ ಹರಿವು ನಯವೋ ಪ್ರಕ್ಷುಬ್ಧವೋ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆಯನ್ನೋ, ಯಾವುದಾದರೂ ಶಾಖ ವಿನಿಮಯಕದ ವಿಸ್ತೀರ್ಣವನ್ನೋ ಮನಸ್ಸಿನಲ್ಲೇ ಅಂದಾಜಿಸುತ್ತಿದ್ದೆ.

ಇದೆಲ್ಲ ಒಂದೇ ಕಡೆ ಕೂಡಿಬಂದದ್ದು ನಮ್ಮ ಮನೆಯ ಕಣದಲ್ಲಿ. ನಮ್ಮದು ಬ್ಯಾಡಗಿ ತಾಲ್ಲೂಕಿನ ಊರು. ನನ್ನ ಸಂಶೋಧನೆಯೂ ಬ್ಯಾಡಗಿ ಮೆಣಸಿನಕಾಯಿಯನ್ನು ಬಣ್ಣ ಕೆಡದಂತೆ ಒಣಗಿಸುವ ಬಗ್ಗೆಯೇ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಈ ಕಾಯಿಯ ಹೆಗ್ಗಳಿಕೆ, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಕಣದಲ್ಲಿ ಹರಡಿದ ಕಾಯಿಯನ್ನು ಕೈಯಾಡಿಸುತ್ತ ಅವ್ವ ಕೇಳಿದಳು: "ಇಷ್ಟು ತೆಳ್ಳನ ಕಾಯಿ, ಇಷ್ಟು ಬಿಸಿಲು, ಮತ್ಯಾಕ ಹತ್ತು ದಿನಾ ಬೇಕು?" ನಾನು ಸಮಿತಿಯ ಮುಂದೆ ನಿಂತಂತೆಯೇ ಉತ್ತರ ಹುಡುಕಲು ಕುಳಿತೆ.

ಮೊದಲು ಶಾಖ. ಕೊಯ್ದ ಹಣ್ಣುಕಾಯಿಯಲ್ಲಿ ಶೇಕಡಾ 75ರಷ್ಟು ನೀರಿದ್ದು ಒಣಗಿದ ಮೇಲೆ ಶೇಕಡಾ 10 ಉಳಿಯುತ್ತದೆಂದುಕೊಂಡರೆ, 100 ಕೆ.ಜಿ. ಕಾಯಿ ಸುಮಾರು 28 ಕೆ.ಜಿ.ಗೆ ಇಳಿಯಬೇಕು, ಅಂದರೆ 72 ಕೆ.ಜಿ. ನೀರು ಆವಿಯಾಗಬೇಕು. ಕೆ.ಜಿ.ಗೆ 2400 ಕಿಲೋಜೌಲ್‌ನಂತೆ ಅದಕ್ಕೆ 173 ಮೆಗಾಜೌಲ್ ಬೇಕು. 100 ಕೆ.ಜಿ. ಕಾಯಿಯನ್ನು ಹತ್ತು ಚದರ ಮೀಟರಿನಲ್ಲಿ ಹರಡಿದರೆ, ಚದರ ಮೀಟರಿಗೆ ದಿನಕ್ಕೆ 20 ಮೆಗಾಜೌಲ್ ಬಿಸಿಲಿನ ಲೆಕ್ಕದಲ್ಲಿ ಒಂದೇ ದಿನ 200 ಮೆಗಾಜೌಲ್ ಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಗೂ ನೆಲಕ್ಕೂ ಹೋದರೂ ಎರಡು ಮೂರು ದಿನ ಸಾಕು. ಹಾಗಾದರೆ ಬಿಸಿಲಿನ ಕೊರತೆಯಲ್ಲ. ಇನ್ನು ತಿರುಳಿನೊಳಗಿನ ವಿಸರಣ. ಕಾಯಿಯ ಗೋಡೆ ಸುಮಾರು ಒಂದು ಮಿಲಿಮೀಟರ್. ವಿಸರಣಾಂಕವನ್ನು ದ್ರವದಲ್ಲಿರುವುದಕ್ಕಿಂತ ಹತ್ತು ಪಟ್ಟು ಕಡಿಮೆ ಹಿಡಿದರೂ, ದಪ್ಪದ ವರ್ಗವನ್ನು ಅದರಿಂದ ಭಾಗಿಸಿದರೆ ಹತ್ತು ಸಾವಿರ ಸೆಕೆಂಡು, ಅಂದರೆ ಮೂರು ಗಂಟೆಯೂ ಪೂರ್ತಿಯಾಗುವುದಿಲ್ಲ. ತಿರುಳೂ ಕಾರಣವಲ್ಲ. ಉಳಿದದ್ದು ಹೊರಸಿಪ್ಪೆಯ ಮೇಲಿನ ಮೇಣದ ಪದರ. ಮೈಕ್ರಾನ್‌ಗಳಲ್ಲಿ ಅಳೆಯಬೇಕಾದ ಆ ಪದರವೇ ನೀರನ್ನು ಹಿಡಿದಿಡುತ್ತದೆ. ಕಾಯಿಯನ್ನು ಕ್ಷಾರದ ದ್ರಾವಣದಲ್ಲಿ ಅದ್ದಿ ಒಣಗಿಸುವ ಪದ್ಧತಿ ಕೆಲಸ ಮಾಡುವುದೂ ಆ ಮೇಣವನ್ನು ಸಡಿಲಗೊಳಿಸುವುದರಿಂದಲೇ. ಇದನ್ನು ಹೇಳಿದಾಗ ಅವ್ವ ಒಂದು ಹಸಿ ಕಾಯಿಯನ್ನು ಸೀಳಿ ಬೇರೆ ಇಟ್ಟಳು. ಮರುದಿನ ಸಂಜೆಗೆ ಅದು ಗರಿಗರಿಯಾಗಿತ್ತು, ಪಕ್ಕದ ಇಡೀ ಕಾಯಿ ಇನ್ನೂ ಮೆತ್ತಗಿತ್ತು. ಒಂದರ ಹಿಂದೊಂದು ನಿಂತ ತಡೆಗಳಲ್ಲಿ ದೊಡ್ಡದು ಯಾವುದೆಂದು ಹುಡುಕುವುದನ್ನು ನಾನು ನಿಜವಾಗಿ ಕಲಿತದ್ದು ಆ ಎರಡು ದಿನಗಳಲ್ಲಿ.

ಅದೇ ದೃಷ್ಟಿಯಲ್ಲಿ ನೋಡಿದಾಗ ರಿಯಾಕ್ಷನ್ ಎಂಜಿನಿಯರಿಂಗ್ ಕೂಡ ಹಗುರವಾಯಿತು. ಥೀಲೆ ಮಾಡ್ಯುಲಸ್ ಎಂಬುದು ವೇಗವರ್ಧಕದ ಕಣದೊಳಗೆ ಕ್ರಿಯೆಯ ವೇಗಕ್ಕೂ ವಿಸರಣದ ವೇಗಕ್ಕೂ ನಡೆಯುವ ಹೋಲಿಕೆ. ಅದು ದೊಡ್ಡದಾದಾಗ ನಾವು ಅಳೆಯುವ ವೇಗ ಇವೆರಡರ ಗುಣಲಬ್ಧದ ವರ್ಗಮೂಲದಂತೆ ನಡೆಯುತ್ತದೆ, ವಿಸರಣ ಉಷ್ಣತೆಗೆ ಅಷ್ಟಾಗಿ ಸ್ಪಂದಿಸುವುದಿಲ್ಲ, ಆದ್ದರಿಂದ ಪ್ರಯೋಗದಲ್ಲಿ ಕಾಣುವ ಆಕ್ಟಿವೇಷನ್ ಎನರ್ಜಿ (ಉಷ್ಣತೆಗೆ ಕ್ರಿಯೆಯ ವೇಗ ಎಷ್ಟು ಸ್ಪಂದಿಸುತ್ತದೆಂಬುದರ ಅಳತೆ) ನಿಜವಾದುದರ ಅರ್ಧದಷ್ಟು ಮಾತ್ರ ಇರುತ್ತದೆ. ಮೊದಲು ಇದು ಸಾಲಾಗಿ ನೆನಪಿಡಬೇಕಾದ ಫಲಿತಾಂಶವಾಗಿತ್ತು. ಈಗ ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಲ್ಲ ಕಾರಣವಾಯಿತು. ಗಣಿತಕ್ಕೆ ನಾನು ಬೇರೆ ಸಮಯ ಕೊಡಲಿಲ್ಲ; ಸಮೀಕರಣ ಬರೆದ ಮೇಲೆ ಅದನ್ನು ಬಿಡಿಸಲೇಬೇಕಾದುದರಿಂದ ಅದು ದಾರಿಯಲ್ಲೇ ಆಯಿತು.

ಕೊನೆಯ ಎರಡು ತಿಂಗಳು ವಾರಕ್ಕೊಮ್ಮೆ, ಸಂಜೆ ಐದರ ನಂತರ ಖಾಲಿಯಾದ ತರಗತಿಯಲ್ಲಿ ಇಬ್ಬರು ಸಹೋದ್ಯೋಗಿಗಳನ್ನು ಕೂರಿಸಿಕೊಂಡು ಬೋರ್ಡಿನ ಮುಂದೆ ನಿಂತೆ. ಅವರಿಗೆ ನಾನು ಮಾಡಿಕೊಂಡ ಕೋರಿಕೆ ಒಂದೇ: ಉತ್ತರ ತಪ್ಪಾದರೆ ತಡೆಯಬೇಡಿ, ಕಾರಣ ಹೇಳದೆ ಸಮೀಕರಣದ ಒಂದು ಪದವನ್ನು ಬಿಟ್ಟರೆ ತಡೆಯಿರಿ. ಹೊಸದಾಗಿ ತಯಾರಾಗುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಕುಳಿತು ಬರೆಯುವಾಗ ಹೊಳೆಯುವ ಮಾತು ನಿಂತು ಹೇಳುವಾಗ ಹೊಳೆಯುವುದಿಲ್ಲ.

ಎರಡನೆಯ ಸಲ ಅದೇ ಪರೀಕ್ಷಕರು ಬಂದಿದ್ದರು. ನಾನು ಮೆಣಸಿನಕಾಯಿಯ ಮೂರು ಅಂದಾಜುಗಳನ್ನು ಬೋರ್ಡಿನ ಮೇಲೆ ಬರೆದು ಮುಗಿಸಿದಾಗ ಅವರು, "ಮೇಣವೇ ತಡೆಯಾದರೆ, ತೊಟ್ಟು ಕಿತ್ತ ಕಾಯಿ ಎಷ್ಟು ಬೇಗ ಒಣಗಬೇಕು?" ಎಂದು ಕೇಳಿದರು. ಇದನ್ನು ನಾನು ಎಂದೂ ಯೋಚಿಸಿರಲಿಲ್ಲ. ಕಾಯಿಯ ಚಿತ್ರ ಬರೆದು, ಸುತ್ತ ಗೆರೆ ಎಳೆದು, ನೀರು ಹೊರಹೋಗಲು ಎರಡು ಸಮಾನಾಂತರ ದಾರಿಗಳಿವೆ ಎಂದೆ: ಸುಮಾರು 30 ಚದರ ಸೆಂಟಿಮೀಟರಿನ ಸಿಪ್ಪೆ ಒಂದು, 0.2 ಚದರ ಸೆಂಟಿಮೀಟರಿನ ತೊಟ್ಟಿನ ಗಾಯ ಇನ್ನೊಂದು. ಗಾಯದ ಜಾಗ ಮೇಣಕ್ಕಿಂತ 150 ಪಟ್ಟು ಸುಲಭವಾಗಿ ನೀರನ್ನು ಬಿಟ್ಟುಕೊಟ್ಟರೆ ಮಾತ್ರ ಒಣಗುವ ಆರಂಭದ ವೇಗ ಇಮ್ಮಡಿಯಾಗುತ್ತದೆ. ಆ ಅನುಪಾತ ನನಗೆ ಗೊತ್ತಿಲ್ಲ, ಆದರೆ ಗಾಯಕ್ಕೆ ಮೇಣ ಹಚ್ಚಿದ ಕಾಯಿ ಮತ್ತು ಹಚ್ಚದ ಕಾಯಿ ಎರಡನ್ನೂ ತೂಗಿ ನೋಡಿದರೆ ತಿಳಿಯುತ್ತದೆ ಎಂದೆ. "ಹಾಗಾದರೆ ತೂಗಿ ನೋಡಿ" ಎಂದು ಅವರು ಹಾಳೆಯ ಮೇಲೆ ಸಹಿ ಮಾಡಿದರು. ಮರುವಾರ ಪ್ರಯೋಗಾಲಯದ ತಕ್ಕಡಿಯ ಮೇಲೆ ನಲವತ್ತು ಕಾಯಿಗಳನ್ನು ಇಟ್ಟೆ, ಇಪ್ಪತ್ತಕ್ಕೆ ಮೇಣ ಹಚ್ಚಿ, ಇಪ್ಪತ್ತನ್ನು ಹಾಗೆಯೇ ಬಿಟ್ಟು.